ಕಡಲಿನ ಕಾವು, ಕಡಲಿನ ಸ್ವಭಾವ

ಇಂಡೋನೇಷ್ಯದ ದ್ವೀಪಸ್ತೋಮವನ್ನು ಬಿಟ್ಟು ಸಮಭಾಜಕವೃತ್ತದ ಗುಂಟ ಪೂರ್ವಾಭಿಮುಖವಾಗಿ ಎಕ್ವಡಾರಿನ ತೀರದವರೆಗೆ ಸಾಗುವ ಹಡಗು, ಭೂಪರಿಧಿಯ ಮೂರನೆಯ ಒಂದಂಶಕ್ಕೂ ಮಿಗಿಲಾದ ಆ ದೀರ್ಘಯಾನದಲ್ಲಿ, ಒಳಗಿರುವ ನಾವಿಕರಿಗೆ ಅರಿವಾಗದಂತೆಯೇ ಸುಮಾರು ಅರ್ಧ ಮೀಟರಿನಷ್ಟು ಕೆಳಗಿಳಿದಿರುತ್ತದೆ. ವರ್ಷದ ಬಹುಕಾಲ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಪೆಸಿಫಿಕ್ ಸಾಗರದ ಮೇಲ್ಮೈಯ ಬಿಸಿನೀರನ್ನು ಎಡೆಬಿಡದೆ ತಳ್ಳಿ ಪಶ್ಚಿಮದ ಅಂಚಿನಲ್ಲಿ ರಾಶಿಹಾಕುವುದರಿಂದ ಅಲ್ಲಿ ಕಡಲು ಉಬ್ಬಿದೆ. ಪೂರ್ವದ ಅಂಚಿನಲ್ಲಿಯಾದರೋ, ಸರಿದುಹೋದ ನೀರಿನ ತೆರವನ್ನು ತುಂಬಲು ಆಳದ ತಣ್ಣೀರು ಮೇಲೇರಿ ಬರುತ್ತದೆ. ಆದುದರಿಂದ ಒಂದೇ ಅಕ್ಷಾಂಶದಲ್ಲಿ, ಒಂದೇ ಸೂರ್ಯನ ಕೆಳಗೆ, ಪಶ್ಚಿಮದಲ್ಲಿ ಸುಮಾರು 29 ಡಿಗ್ರಿ ಸೆಲ್ಸಿಯಸ್ ಇರುವ ನೀರು ಪೂರ್ವದಲ್ಲಿ ಐದಾರು ಡಿಗ್ರಿಗಳಷ್ಟು ತಣ್ಣಗಿರುವ ವೈಚಿತ್ರ್ಯ ಒದಗಿದೆ. ಮೇಲಿನ ಬಿಸಿನೀರನ್ನೂ ಕೆಳಗಿನ ಶೀತಲ ಜಲರಾಶಿಯನ್ನೂ ಬೇರ್ಪಡಿಸುವ ಥರ್ಮೋಕ್ಲೈನ್ ಎಂಬ ಸ್ತರವು ಪಶ್ಚಿಮದಲ್ಲಿ ಸುಮಾರು 150 ಮೀಟರ್ ಆಳದಲ್ಲಿದ್ದರೆ ಪೂರ್ವದಲ್ಲಿ 50 ಮೀಟರಿನವರೆಗೆ ಎದ್ದುಬಂದಿರುತ್ತದೆ. ಮೇಲ್ಮೈಯ ಅರ್ಧ ಮೀಟರಿನ ಓರೆಗೆ ಕಡಲೊಳಗೆ ನೂರು ಮೀಟರಿನ ಎದುರೋರೆ! ಜಗತ್ತಿನ ಮಳೆಬೆಳೆಗಳನ್ನು ಕೆಲವು ವರ್ಷಗಳಿಗೊಮ್ಮೆ ಅಸ್ತವ್ಯಸ್ತಗೊಳಿಸುವ ಎಲ್ ನಿನೊ ಮತ್ತು ಲಾ ನಿನಾಗಳು ಈ ಓರೆಗಳ ಏರಿಳಿತಗಳೇ ಆಗಿವೆ. ಅವುಗಳನ್ನು ಗಣಕಯಂತ್ರದೊಳಗೆ ಮರುಸೃಷ್ಟಿಸಲು ಹೊರಟವರ ಸಾಹಸವೂ ಸಂಕಟವೂ ಈ ಅಧ್ಯಾಯದ ವಸ್ತು.

ಮಾರುತವು ಓರೆಯನ್ನು ನಿರ್ಮಿಸುವುದೆಂದೆನಷ್ಟೆ. ಆ ಮಾರುತವನ್ನು ನಿರ್ಮಿಸುವುದಾದರೂ ಯಾವುದು? ಈ ಪ್ರಶ್ನೆಯ ಉತ್ತರದ ಮೊದಲ ಅರ್ಧ ದೊರೆತದ್ದು ನಮ್ಮ ದೇಶದಲ್ಲಿ, ಅದೂ ಬರಗಾಲಗಳ ದೆಸೆಯಿಂದ. ಹಳೆಯ ಮೈಸೂರಿನವರು ಧಾತು-ಈಶ್ವರ ಸಂವತ್ಸರಗಳ ಬರವೆಂದು ತಲೆಮಾರುಗಳವರೆಗೆ ನೆನೆದು ನಡುಗುತ್ತಿದ್ದ ಆ ಕ್ಷಾಮದಲ್ಲಿ 1877ರ ಮುಂಗಾರು ಕೈಕೊಟ್ಟುದರ ಹಿನ್ನೆಲೆಯಲ್ಲಿ, ಅಂದು ಯಾರೊಬ್ಬರೂ ಅರಿಯದಿದ್ದ ಪ್ರಬಲವಾದ ಎಲ್ ನಿನೊ ಇದ್ದಿತು. 1899ರಲ್ಲಿ ಮತ್ತೆ ಮಳೆ ಹೋಯಿತು. ಮುಂಗಾರನ್ನು ಮುಂಗಂಡು ಹೇಳುವ ಉಪಾಯವನ್ನು ಹುಡುಕುವ ಹೊಣೆಯನ್ನು ಹೊತ್ತು 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಹವಾಮಾನಶಾಸ್ತ್ರವನ್ನು ಓದಿದವರಲ್ಲ, ಕೇಂಬ್ರಿಜ್ಜಿನ ಗಣಿತಜ್ಞ. ಲೋಕದ ನಾನಾ ಕಡೆಗಳ ವಾಯುಭಾರ, ಮಳೆ, ಉಷ್ಣತೆಗಳ ಅಂಕಿಗಳನ್ನು ತರಿಸಿ, ಭಾರತೀಯ ಗುಮಾಸ್ತರಿಂದ ಕೈಲೆಕ್ಕದಲ್ಲಿಯೇ ಅಸಂಖ್ಯ ಸಹಸಂಬಂಧಗಳನ್ನು ಲೆಕ್ಕಹಾಕಿಸಿದ ಅವರಿಗೆ, 1920ರ ದಶಕದಲ್ಲಿ ಒಂದು ಮಹತ್ತಾದ ತೊನೆದಾಟವು ಗೋಚರಿಸಿತು. ಏತದ ಮರದ ಎರಡು ತುದಿಗಳಂತೆ, ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಅದು ಇಳಿಯುತ್ತಿತ್ತು. ಅಲ್ಲಿ ಇಳಿದಾಗ ಇಲ್ಲಿ ಏರುತ್ತಿತ್ತು. ಏತವನ್ನು ತುಳಿಯುವವನು ಯಾರೆಂಬುದು ಮಾತ್ರ ವಾಕರ್ ಅವರಿಗೆ ತಿಳಿಯಲಿಲ್ಲ.

ಅದನ್ನು ತಿಳಿಸಿದವರು ನಾರ್ವೆ ಮೂಲದ ಜೇಕಬ್ ಬ್ಯರ್ಕ್ನೆಸ್. ಅವರು 1969ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳನ್ನು ಹೀಗೆ ಹೇಳಬಹುದು: ಪಶ್ಚಿಮದ ಬಿಸಿನೀರಿನ ಮೇಲೆ ಗಾಳಿ ಕಾದು, ತೇವವನ್ನು ಹೊತ್ತು ಮೇಲೇರಿ ಮಳೆ ಸುರಿಸುತ್ತದೆ, ಒಣಗಿದ ಆ ಗಾಳಿ ಎತ್ತರದಲ್ಲಿ ಪೂರ್ವಕ್ಕೆ ಹರಿದು, ತಣ್ಣೀರಿನ ಮೇಲೆ ಇಳಿದು, ಕಡಲಿನ ಮೈಗೆ ತಾಗಿಕೊಂಡು ಪಶ್ಚಿಮಕ್ಕೆ ಮರಳುತ್ತದೆ, ಹೀಗೆ ಮರಳುವ ಗಾಳಿಯೇ ವಾಣಿಜ್ಯ ಮಾರುತ. ಎಂದಮೇಲೆ ಉಷ್ಣತೆಯ ಅಂತರದಿಂದ ಮಾರುತ, ಮಾರುತದಿಂದ ಉಷ್ಣತೆಯ ಅಂತರ. ಎರಡರಲ್ಲಿ ಯಾವುದು ಕೊಂಚ ಸಡಿಲವಾದರೂ ಮತ್ತೊಂದು ಸಡಿಲವಾಗಿ, ಅದರಿಂದ ಮೊದಲನೆಯದು ಇನ್ನಷ್ಟು ಸಡಿಲವಾಗುತ್ತದೆ. ಆಗ ಪಶ್ಚಿಮದಲ್ಲಿ ರಾಶಿಬಿದ್ದ ಬಿಸಿನೀರು ಕಡಲೊಳಗಣ ಮಹಾತರಂಗವಾಗಿ ಎರಡು ಮೂರು ತಿಂಗಳುಗಳಲ್ಲಿ ಪೆಸಿಫಿಕ್ಕನ್ನು ದಾಟಿ ಪೂರ್ವದ ತೀರವನ್ನು ಮುಟ್ಟಿ, ಅಲ್ಲಿಯ ತಣ್ಣೀರಿನ ದಾರಿಯನ್ನು ಮುಚ್ಚಿಬಿಡುತ್ತದೆ. ಇದೇ ಎಲ್ ನಿನೊ. ಇದಕ್ಕೆ ವಿರುದ್ಧವಾಗಿ ಮಾರುತ ಬಲಿತು ಪೂರ್ವವು ಇನ್ನಷ್ಟು ತಣಿದರೆ ಅದು ಲಾ ನಿನಾ. ವಾಕರ್ ಕಂಡ ತೊನೆದಾಟಕ್ಕೆ ಕಾರಣವಾದ ಈ ವಾಯುಚಕ್ರಕ್ಕೆ ಬ್ಯರ್ಕ್ನೆಸ್ ತಮ್ಮ ಹೆಸರನ್ನಿಡದೆ ವಾಕರ್ ಅವರ ಹೆಸರನ್ನೇ ಇಟ್ಟುದು ವಿಜ್ಞಾನದ ಚರಿತ್ರೆಯಲ್ಲಿ ಅಷ್ಟು ಸಾಮಾನ್ಯವಲ್ಲದ ಸೌಜನ್ಯ.

ಅದೇ 1969ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಸ್ಯುಕುರೊ ಮನಾಬೆ ಮತ್ತು ಕರ್ಕ್ ಬ್ರಯನ್ ಎಂಬುವರು, ವಾಯುಮಂಡಲವನ್ನೂ ಸಾಗರವನ್ನೂ ಒಂದಕ್ಕೊಂದು ಜೋಡಿಸಿದ ಮೊಟ್ಟಮೊದಲ ಗಣಕಮಾದರಿಯನ್ನು ಪ್ರಕಟಿಸಿದರು. ಅದರೊಳಗಿನ ಭೂಮಿಯು ನಾವು ಗುರುತಿಸಬಹುದಾದ ಭೂಮಿಯಾಗಿರಲಿಲ್ಲ. ಗೋಳದ ಒಂದು ಪಾಲನ್ನು ಮಾತ್ರ ತೆಗೆದುಕೊಂಡು, ಅದರಲ್ಲಿ ಒಂದು ಕಲ್ಪಿತ ಭೂಖಂಡವನ್ನೂ ಒಂದು ಕಲ್ಪಿತ ಸಾಗರವನ್ನೂ ಇರಿಸಿದ್ದರು. ಇಂದಿನ ಮಾದರಿಗಳು ಎಷ್ಟೇ ಬೃಹತ್ತಾಗಿ ಬೆಳೆದಿರಲಿ, ಅವುಗಳ ತತ್ತ್ವ ಅದೇ. ವಾಯುಮಂಡಲವನ್ನು ಸಾಮಾನ್ಯವಾಗಿ ನೂರು ಕಿಲೋಮೀಟರಿನ ಆಸುಪಾಸಿನ ಚೌಕಗಳನ್ನಾಗಿಯೂ ಒಂದರ ಮೇಲೊಂದು ಹತ್ತಾರು ಸ್ತರಗಳನ್ನಾಗಿಯೂ ವಿಭಾಗಿಸಿ, ಕಡಲನ್ನೂ ಅಂತೆಯೇ ತಳದವರೆಗೆ ವಿಭಾಗಿಸಿ, ಪ್ರತಿಯೊಂದು ಕೋಶದಲ್ಲಿಯೂ ನ್ಯೂಟನ್ನನ ಚಲನನಿಯಮಗಳು, ದ್ರವ್ಯ ಮತ್ತು ಶಕ್ತಿಗಳು ನಾಶವಾಗವೆಂಬ ನಿಯಮಗಳು ಇವುಗಳ ಪ್ರಕಾರ ಗಾಳಿ, ನೀರು, ಕಾವು, ತೇವ, ಲವಣಗಳು ಹೇಗೆ ಬದಲಾಗುವುವೆಂಬುದನ್ನು ಅರ್ಧ ಗಂಟೆಗೊಮ್ಮೆಯೋ ಅದಕ್ಕೂ ಬೇಗನೆಯೋ ಲೆಕ್ಕಹಾಕುತ್ತ, ಈ ಲೆಕ್ಕವನ್ನೇ ನೂರಾರು ವರ್ಷಗಳವರೆಗೆ ಮುಂದುವರಿಸುವುದು. ಸಮಭಾಜಕದ ಬಳಿ ತಣ್ಣೀರು ಮೇಲೇರುವ ಪಟ್ಟಿ ಬಹಳ ಕಿರಿದಾದುದರಿಂದ ಅಲ್ಲಿ ಮಾತ್ರ ಕಡಲಿನ ಕೋಶಗಳನ್ನು ಇನ್ನೂ ಸಣ್ಣದಾಗಿ ಕತ್ತರಿಸುವುದುಂಟು.

ನೂರು ಕಿಲೋಮೀಟರಿನ ಚೌಕವೆಂದರೇನೆಂಬುದನ್ನು ನಮ್ಮ ನೆಲದ ಮೇಲೆಯೇ ಇರಿಸಿ ನೋಡುವುದು ಒಳಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಆಗುಂಬೆಗೂ, ಐನೂರು ಮಿಲಿಮೀಟರು ಬಂದರೆ ಸಮೃದ್ಧಿಯೆಂದು ತಿಳಿಯುವ ಚಳ್ಳಕೆರೆಗೂ ನಡುವೆ ಇಂಥ ಎರಡು ಮೂರು ಚೌಕಗಳಿಗಿಂತ ಹೆಚ್ಚು ಹಿಡಿಸವು. ಕಡಲಂಚಿನಿಂದ ಗೋಡೆಯಂತೆ ಏಳುವ ಪಶ್ಚಿಮಘಟ್ಟ ಅಂಥ ಮಾದರಿಯಲ್ಲಿ ತಗ್ಗಾದ ದಿಬ್ಬವಾಗಿ ಸವೆದುಹೋಗುತ್ತದೆ. ನೆಲದ ಮಾತು ಹಾಗಿರಲಿ. ಕಡಲಿನ ಮೇಲೆ ಏಳುವ ಮಳೆಮೋಡವೊಂದರ ಅಗಲ ಒಂದೆರಡು ಕಿಲೋಮೀಟರು. ನೂರಾರು ಮೋಡಗಳು ಒಂದೇ ಚೌಕದಲ್ಲಿ ಹುಟ್ಟಿ ಸುರಿದು ಕರಗಿದರೂ ಮಾದರಿಯ ಕಣ್ಣಿಗೆ ಅವುಗಳಲ್ಲಿ ಒಂದೂ ಬೀಳುವಂತಿಲ್ಲ. ಅವೆಲ್ಲ ಕೂಡಿ ಎಷ್ಟು ಕಾವನ್ನು ಮೇಲಕ್ಕೊಯ್ದಿರಬಹುದು, ಎಷ್ಟು ಬಿಸಿಲನ್ನು ತಡೆದಿರಬಹುದು ಎಂಬುದನ್ನು ಚೌಕದ ಸರಾಸರಿ ಉಷ್ಣತೆ ಮತ್ತು ತೇವಗಳಿಂದ ಅಂದಾಜುಮಾಡುವ ಸ್ಥೂಲಸೂತ್ರಗಳನ್ನು ವಿಜ್ಞಾನಿಗಳು ಹೊಸೆದು ಸೇರಿಸಬೇಕಾಗುತ್ತದೆ. ಮಾದರಿಗೂ ಮಾದರಿಗೂ ಇರುವ ಭಿನ್ನಾಭಿಪ್ರಾಯಗಳ ಬಹುಪಾಲು ಈ ಸೂತ್ರಗಳಿಂದ ಹುಟ್ಟಿದವು.

ವಾಯುಮಂಡಲದ ಮಾದರಿಯನ್ನು ಬೇರೆಯಾಗಿ, ಸಾಗರದ ಮಾದರಿಯನ್ನು ಬೇರೆಯಾಗಿ ನಡೆಸಿದಾಗ ಸುಗುಣಸಂಪನ್ನವಾಗಿ ನಡೆದುಕೊಳ್ಳುತ್ತಿದ್ದ ಎರಡೂ, ಕೂಡಿಸಿದೊಡನೆ ಹಾದಿ ತಪ್ಪುತ್ತಿದ್ದುದು ಮೊದಮೊದಲ ಅನುಭವ. ಒಂದರ ಅಲ್ಪದೋಷವನ್ನು ಇನ್ನೊಂದು ಹಿಗ್ಗಿಸಿ, ಕೆಲವು ದಶಕಗಳ ಲೆಕ್ಕ ಮುಗಿಯುವಷ್ಟರಲ್ಲಿ ಕಡಲು ವಾಸ್ತವದಿಂದ ಬಹುದೂರ ಸರಿದಿರುತ್ತಿತ್ತು. ಇದನ್ನು ತಡೆಯಲು ಕಡಲಿನ ಮೈಮೇಲೆ ಅಲ್ಲಲ್ಲಿ ಇಷ್ಟು ಕಾವನ್ನು ಕೂಡಿಸು, ಇಷ್ಟನ್ನು ಕಳೆ ಎಂದು ಬಲವಂತವಾಗಿ ತಿದ್ದುತ್ತಿದ್ದ ಕಾಲವೊಂದಿತ್ತು. ಈ ತಿದ್ದುಪಡಿಗಳು ಕೆಲವೆಡೆ ತಾವು ಅಳೆಯಹೊರಟ ಹಸಿರುಮನೆ ಪರಿಣಾಮಕ್ಕಿಂತಲೂ ದೊಡ್ಡವಾಗಿದ್ದುವೆಂದರೆ ಅಂದಿನ ಟೀಕಾಕಾರರನ್ನು ತಪ್ಪೆನ್ನಲಾರೆವು. 1990ರ ದಶಕದ ಕೊನೆಯ ಹೊತ್ತಿಗೆ ಈ ಊರುಗೋಲನ್ನು ಕೈಬಿಟ್ಟು ನಿಲ್ಲಬಲ್ಲ ಮಾದರಿಗಳು ಬಂದುವು. ಆದರೂ ಒಂದು ಹಳೆಯ ವ್ಯಾಧಿ ಇಂದಿಗೂ ಪೂರ್ತಿ ವಾಸಿಯಾಗಿಲ್ಲ: ಪೆಸಿಫಿಕ್ಕಿನ ಪೂರ್ವಭಾಗದಿಂದ ನಾಲಗೆಯ ಆಕಾರದಲ್ಲಿ ಚಾಚಿರುವ ತಣ್ಣೀರಿನ ಪಟ್ಟಿಯು ಬಹುತೇಕ ಮಾದರಿಗಳಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ತಣ್ಣಗಿದ್ದು, ಪಶ್ಚಿಮಕ್ಕೆ ಇರಬೇಕಾದುದಕ್ಕಿಂತ ದೂರ ಚಾಚುತ್ತದೆ. ಓದುಗರು ಇದನ್ನು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ಇಷ್ಟು ದೋಷಗಳನ್ನು ಎಣಿಸಿದ ಮೇಲೆ ಒಂದು ಗುಣವನ್ನೂ ಹೇಳಬೇಕು. ಮಾದರಿಯ ಸಹಸ್ರಾರು ಸಾಲುಗಳ ಆದೇಶಗಳಲ್ಲಿ ಎಲ್ಲಿಯೂ ಎಲ್ ನಿನೊ ಬರಲಿ ಎಂದು ಬರೆದಿಲ್ಲ. ಮೇಲೆ ಹೇಳಿದ ನಿಯಮಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತ ಹೋದಾಗ, ಎರಡರಿಂದ ಏಳು ವರ್ಷಗಳ ಅನಿಯತ ಅಂತರದಲ್ಲಿ, ಪೂರ್ವದ ಕಡಲು ತಾನಾಗಿಯೇ ಬಿಸಿಯೇರುತ್ತದೆ, ತಾನಾಗಿಯೇ ತಣಿಯುತ್ತದೆ. ಯಾರೂ ಹೊರಗಿನಿಂದ ನೂಕದಿದ್ದರೂ ಹವಾಗುಣವು ತನ್ನಷ್ಟಕ್ಕೆ ಬದಲಾಗುವುದು ಅದರ ಸ್ವಭಾವ. ಜರ್ಮನಿಯ ಕ್ಲೌಸ್ ಹಾಸೆಲ್ಮನ್ 1976ರಲ್ಲಿ ಇದರ ಇನ್ನೊಂದು ಮುಖವನ್ನು ಗಣಿತದಿಂದ ತೋರಿಸಿದರು. ಕಡಲಿನ ಮೇಲಿನ ಮೂರು ಮೀಟರಿನಷ್ಟು ನೀರಿಗೆ ಮೇಲಿನ ವಾಯುಮಂಡಲವಿಡೀ ಹಿಡಿದಿಡಬಲ್ಲಷ್ಟು ಕಾವನ್ನು ಹಿಡಿದಿಡುವ ಶಕ್ತಿಯಿರುವುದರಿಂದ, ದಿನದಿನದ ಗಾಳಿಮಳೆಗಳ ಗೊತ್ತುಗುರಿಯಿಲ್ಲದ ತಾಡನಗಳನ್ನೆಲ್ಲ ಕಡಲು ಒಟ್ಟುಗೂಡಿಸಿಕೊಳ್ಳುತ್ತ, ಅವುಗಳನ್ನು ವರ್ಷಗಳ ಹಾಗೂ ದಶಕಗಳ ಮಂದಗತಿಯ ಏರಿಳಿತಗಳನ್ನಾಗಿ ಮಾರ್ಪಡಿಸುತ್ತದೆಯೆಂಬುದು ಅವರ ಸಿದ್ಧಾಂತ. ಮನಾಬೆ ಮತ್ತು ಹಾಸೆಲ್ಮನ್ ಇಬ್ಬರೂ 2021ರ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಪಾಲುಗಾರರಾದರು.

ಈ ಸ್ವಭಾವ ಎಷ್ಟು ಚಪಲವೆಂಬುದನ್ನು ಪ್ರಿನ್ಸ್‌ಟನ್ನಿನ ಆಂಡ್ರೂ ವಿಟನ್‌ಬರ್ಗ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚೆನ್ನಾಗಿ ಕಾಣಬಹುದು. ಬಿಸಿಲನ್ನಾಗಲಿ ಅಂಗಾರಾಮ್ಲವನ್ನಾಗಲಿ (ಕಾರ್ಬನ್ ಡೈಆಕ್ಸೈಡ್) ಬದಲಿಸದೆ ಅವರು ತಮ್ಮ ಮಾದರಿಯನ್ನು ಎರಡು ಸಾವಿರ ವರ್ಷಗಳ ಅವಧಿಗೆ ನಡೆಸಿದರು. ಕೆಲವು ಶತಮಾನಗಳಲ್ಲಿ ಪ್ರಬಲ ಎಲ್ ನಿನೊಗಳು ಮೇಲಿಂದ ಮೇಲೆ ಬಂದುವು. ಕೆಲವು ಕಾಲಖಂಡಗಳಲ್ಲಿ ಕಡಲು ದಶಕಗಟ್ಟಲೆ ಸುಮ್ಮನಿದ್ದಿತು. ಕಾರಣವೇನೆಂದು ಹುಡುಕಹೋದರೆ ಹೊರಗೆ ಯಾವ ಕಾರಣವೂ ಇರಲಿಲ್ಲ. ನೂರೈವತ್ತು ವರ್ಷಗಳ ಉಷ್ಣಮಾಪನದ ದಾಖಲೆಯನ್ನು ಮುಂದಿಟ್ಟುಕೊಂಡು ಎಲ್ ನಿನೊದ ಪ್ರಕೃತಿ ಇಂಥದೇ ಎಂದು ಸಾರುವವರು ಈ ಪ್ರಯೋಗವನ್ನು ಆಗಾಗ ಮನನ ಮಾಡುವುದು ಲೇಸು.

ಹಾಗಾದರೆ ಮನುಷ್ಯನು ತಂದ ಕಾವನ್ನೂ ಕಡಲಿನ ಸ್ವಭಾವವನ್ನೂ ಬಿಡಿಸಿ ನೋಡುವುದೆಂತು? ಅಮೆರಿಕದ ಬೌಲ್ಡರ್ ನಗರದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರದವರು 2015ರಲ್ಲಿ ಪ್ರಕಟಿಸಿದ ಉಪಾಯ ಸರಳತೆಯಲ್ಲಿ ಅದ್ಭುತವಾದುದು. ಒಂದೇ ಮಾದರಿಯನ್ನು, ಒಂದೇ ಬಗೆಯ ಅಂಗಾರಾಮ್ಲದ ಏರಿಕೆಯನ್ನು ಉಣಿಸುತ್ತ, 1920ರಿಂದ 2100ರವರೆಗೆ ನಲವತ್ತು ಸಾರಿ ನಡೆಸಿದರು. ಸಾರಿಸಾರಿಗೂ ಆರಂಭದ ವಾಯುಮಂಡಲದ ಉಷ್ಣತೆಯಲ್ಲಿ ಮಾಡಿದ ವ್ಯತ್ಯಾಸ ಒಂದು ಡಿಗ್ರಿಯ ನೂರು ಲಕ್ಷ ಕೋಟಿಯಲ್ಲಿ ಒಂದಂಶದ ಪ್ರಮಾಣದ್ದು. ಯಾವ ಉಷ್ಣಮಾಪಕಕ್ಕೂ ನಿಲುಕದ್ದು. ಇಷ್ಟೇ ಸಾಕಾಯಿತು. ಕೆಲವು ವಾರಗಳೊಳಗೆ ನಲವತ್ತು ವಾಯುಮಂಡಲಗಳು ನಲವತ್ತು ದಾರಿ ಹಿಡಿದುವು. ಒಂದರಲ್ಲಿ ಎಲ್ ನಿನೊ ಬಂದ ವರ್ಷ ಇನ್ನೊಂದರಲ್ಲಿ ಲಾ ನಿನಾ. ಒಂದು ಪ್ರದೇಶವು ಒಂದು ಲೆಕ್ಕದಲ್ಲಿ ಅರ್ಧ ಶತಮಾನ ಕಾದರೆ ಮತ್ತೊಂದರಲ್ಲಿ ಅದೇ ಕಾಲದಲ್ಲಿ ತಣಿಯಿತು. ನಲವತ್ತನ್ನೂ ಕೂಡಿಸಿ ಸರಾಸರಿ ತೆಗೆದರೆ ಸ್ವಭಾವದ ಏರಿಳಿತಗಳು ಒಂದನ್ನೊಂದು ಹೊಡೆದುಹಾಕಿ ಅಂಗಾರಾಮ್ಲದ ಕಾಣಿಕೆ ಮಾತ್ರ ಉಳಿಯುತ್ತದೆ. ಹ್ಯಾಂಬರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮುಂದೆ ಇದನ್ನು ನೂರು ಸಾರಿಗೆ ಒಯ್ದರು.

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ಆ ಸರಾಸರಿಯೆಂಬ ನಯವಾದ ಗೆರೆಯ ಮೇಲೆ ಯಾವ ಭೂಮಿಯೂ ನಡೆದುದಿಲ್ಲ, ನಡೆಯಲಾರದು. ನಮಗೆ ಕಾಣಸಿಕ್ಕಿರುವ ಇತಿಹಾಸವು ನಡೆಯಬಹುದಾಗಿದ್ದ ಅನೇಕ ಇತಿಹಾಸಗಳಲ್ಲಿ ಒಂದು. ಅದನ್ನು ಸರಾಸರಿಯ ಪಕ್ಕದಲ್ಲಿಟ್ಟು, ಹೊಂದಲಿಲ್ಲವೆಂದು ಮಾದರಿಯನ್ನು ಹಳಿಯುವವರೂ, ಹೊಂದಿತೆಂದು ಬೀಗುವವರೂ ಸಮಾನವಾಗಿ ದಾರಿತಪ್ಪಿದವರು. ಕೇಳಬೇಕಾದ ಪ್ರಶ್ನೆ ಬೇರೆ: ನಲವತ್ತರಲ್ಲೋ ನೂರರಲ್ಲೋ ನಮ್ಮ ಭೂಮಿಯಂತೆ ನಡೆದುಕೊಂಡುದು ಒಂದಾದರೂ ಇದೆಯೆ?

ಈ ಪ್ರಶ್ನೆ ಎಷ್ಟು ತೊಡಕಿನದೆಂಬುದು ಪೆಸಿಫಿಕ್ಕಿನ ಪೂರ್ವಭಾಗದಲ್ಲಿ ತಿಳಿಯುತ್ತದೆ. ಹಸಿರುಮನೆ ಅನಿಲಗಳು ಹೆಚ್ಚಿದಾಗ ಪೂರ್ವ-ಪಶ್ಚಿಮಗಳ ಅಂತರ ಕುಗ್ಗುವುದೋ ಹಿಗ್ಗುವುದೋ ಎಂಬುದರಲ್ಲಿ ಎರಡು ವಾದಗಳಿವೆ. ಸ್ವಾರಸ್ಯವೆಂದರೆ ಎರಡೂ ತರ್ಕಶುದ್ಧವಾಗಿವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವ ಶೇಕಡ 7ರಷ್ಟು ಹೆಚ್ಚುತ್ತದೆ; ಜಗತ್ತಿನ ಒಟ್ಟು ಮಳೆಯಾದರೋ ಶೇಕಡ 2 ಅಥವಾ 3ರಷ್ಟು ಮಾತ್ರ ಹೆಚ್ಚೀತು. ಪ್ರತಿ ಸಾರಿ ಮೇಲೇರುವ ಗಾಳಿ ಹೆಚ್ಚು ತೇವವನ್ನು ಹೊತ್ತೊಯ್ಯುವುದಾದರೆ, ಅಷ್ಟು ಮಳೆಗೆ ಅಷ್ಟು ಗಾಳಿ ಮೇಲೇರಬೇಕಾಗಿಲ್ಲ. ಆದಕಾರಣ ವಾಕರ್ ಚಕ್ರ ಮಂದವಾಗಬೇಕು, ವಾಣಿಜ್ಯ ಮಾರುತ ಸಡಿಲವಾಗಬೇಕು, ಪೂರ್ವದ ಕಡಲು ಹೆಚ್ಚು ಕಾಯಬೇಕು. ಐಸಾಕ್ ಹೆಲ್ಡ್ ಮತ್ತು ಬ್ರಯನ್ ಸೋಡೆನ್ 2006ರಲ್ಲಿ ಸ್ಪಷ್ಟಪಡಿಸಿದ ಈ ವಾದವನ್ನು ಬಹುತೇಕ ಮಾದರಿಗಳು ಎತ್ತಿಹಿಡಿಯುತ್ತವೆ. ಇದಕ್ಕೆ ಹತ್ತು ವರ್ಷ ಮೊದಲು, 1996ರಲ್ಲಿ, ಏಮಿ ಕ್ಲೆಮೆಂಟ್ ಮತ್ತು ಸಂಗಡಿಗರು ತದ್ವಿರುದ್ಧವಾದುದನ್ನು ಹೇಳಿದ್ದರು. ಪೂರ್ವದಲ್ಲಿ ಮೇಲೇರುವುದು ಇಂದಿನ ಬಿಸಿಲನ್ನು ಕಂಡ ನೀರಲ್ಲ, ಬಹುಕಾಲದ ಹಿಂದೆ ಉಪೋಷ್ಣವಲಯದಲ್ಲಿ ಮುಳುಗಿ ಕತ್ತಲಲ್ಲಿ ಹರಿದುಬಂದ ನೀರು. ಆ ನೀರು ತಾನೂ ಬಿಸಿಯಾಗಿ ಬರುವವರೆಗೆ ಪೂರ್ವವು ಕಾವನ್ನು ತಡೆದು ನಿಲ್ಲುತ್ತದೆ; ಪಶ್ಚಿಮಕ್ಕೆ ಅಂಥ ಆಸರೆಯಿಲ್ಲ; ಅಂತರ ಹಿಗ್ಗುತ್ತದೆ; ಬ್ಯರ್ಕ್ನೆಸ್ ತೋರಿಸಿದಂತೆ ಮಾರುತ ಬಲಿಯುತ್ತದೆ; ತಣ್ಣೀರು ಇನ್ನಷ್ಟು ಏರುತ್ತದೆ.

ಕಡಲು ಮಾಡಿದ್ದೇನು? ಸುಮಾರು 1980ರಿಂದೀಚಿನ ನಾಲ್ಕು ದಶಕಗಳಲ್ಲಿ ಪಶ್ಚಿಮ ಪೆಸಿಫಿಕ್ ಸ್ಪಷ್ಟವಾಗಿ ಕಾದಿದೆ, ಹಿಂದೂ ಮಹಾಸಾಗರ ಕಾದಿದೆ. ಪೂರ್ವ ಪೆಸಿಫಿಕ್ಕಿನ ಸಮಭಾಜಕ ಪಟ್ಟಿ ಕಾಯಲಿಲ್ಲ, ಅಲ್ಪಸ್ವಲ್ಪ ತಣಿದಿದೆಯೆಂದೇ ಹೇಳಬೇಕು. 1990ರ ದಶಕದಿಂದ ಎರಡು ದಶಕಗಳ ಕಾಲ ವಾಣಿಜ್ಯ ಮಾರುತ ಸಡಿಲವಾಗುವ ಬದಲು ಅಸಾಧಾರಣವಾಗಿ ಬಲಿಯಿತು. ನೂರಾರು ಲೆಕ್ಕಗಳಲ್ಲಿ ಇದನ್ನು ಹೋಲುವ ನಡತೆ ಇಲ್ಲವೇ ಇಲ್ಲವೆನ್ನುವಂತಿಲ್ಲ, ಆದರೆ ಬಲು ವಿರಳ. ಇದು ಕಡಲಿನ ಸ್ವಭಾವದ ಒಂದು ದೀರ್ಘವಾದ ಉಬ್ಬರವಿಳಿತವೆಂದೂ, ಇಪ್ಪತ್ತು ಮೂವತ್ತು ವರ್ಷಗಳಿಗೆ ಮಗ್ಗುಲು ಬದಲಿಸುವ ಪೆಸಿಫಿಕ್ಕಿನ ಗುಣವೇ ಇದೆಂದೂ ಒಂದು ಪಕ್ಷ. ಕೊಸಾಕಾ ಮತ್ತು ಷಾಂಗ್-ಪಿಂಗ್ ಷಿಯೆ 2013ರಲ್ಲಿ ಭೂಮಿಯ ಮೇಲ್ಮೈಯ ಶೇಕಡ 8.2ರಷ್ಟು ಮಾತ್ರವಾದ ಪೂರ್ವ ಪೆಸಿಫಿಕ್ಕಿಗೆ ನೈಜ ಉಷ್ಣತೆಯನ್ನು ಕಡ್ಡಾಯವಾಗಿ ತೊಡಿಸಿ, ಉಳಿದ ಜಗತ್ತನ್ನು ಮಾದರಿಯ ಇಚ್ಛೆಗೆ ಬಿಟ್ಟಾಗ, ಶತಮಾನದ ಆದಿಯಲ್ಲಿ ಭೂತಾಪದ ಏರಿಕೆ ಮಂದವಾಗಿದ್ದ ವರ್ಷಗಳು ಯಥಾವತ್ತಾಗಿ ಮೂಡಿಬಂದುವು. ಅಷ್ಟು ಸಣ್ಣ ತುಣುಕಿನ ಕೈಯಲ್ಲಿ ಇಡೀ ಭೂಮಿಯ ಲಗಾಮು. ಮಾದರಿಗಳದೇ ತಪ್ಪೆನ್ನುವುದು ಇನ್ನೊಂದು ಪಕ್ಷ. ಓದುಗರು ನೆನಪಿನಲ್ಲಿಡಬೇಕೆಂದ ಆ ವ್ಯಾಧಿ ಇಲ್ಲಿ ಬರುತ್ತದೆ: ರಿಚರ್ಡ್ ಸೀಗರ್ ಮತ್ತು ಸಂಗಡಿಗರು 2019ರಲ್ಲಿ ವಾದಿಸಿದಂತೆ, ಮಾದರಿಗಳ ತಣ್ಣೀರಿನ ನಾಲಗೆ ಅತಿಯಾಗಿ ತಣ್ಣಗಿರುವುದರಿಂದಲೇ ಅದು ಅನಿಲಗಳ ಕಾವಿಗೆ ಅತಿಯಾಗಿ ಸ್ಪಂದಿಸುತ್ತದೆ; ಆ ದೋಷವನ್ನು ತಿದ್ದಿದರೆ ಕ್ಲೆಮೆಂಟರ ಮಾತೇ ನಿಜವಾಗುತ್ತದೆ. ಅಂಟಾರ್ಕ್ಟಿಕದ ಸುತ್ತಲಿನ ಕಡಲು ತಣಿದುದರ ಪ್ರಭಾವ ಉತ್ತರಕ್ಕೆ ಹರಿದುಬಂದಿದೆಯೆಂಬ ಮೂರನೆಯ ಧ್ವನಿಯೂ ಈಚೆಗೆ ಬಲವಾಗಿ ಕೇಳಿಬರುತ್ತಿದೆ. ನನ್ನ ತೂಕ ಎರಡನೆಯ ಪಕ್ಷದ ಕಡೆಗೆ ಕೊಂಚ ವಾಲುತ್ತದೆ. ವಿರಳವಾದ ಅದೃಷ್ಟದ ಮೇಲೆ ನಾಲ್ಕು ದಶಕಗಳ ಹೊರೆಯನ್ನು ಹೊರಿಸುವುದು ನ್ಯಾಯವಾಗಿ ತೋರುವುದಿಲ್ಲ.

ಇದು ಪಂಡಿತರ ಒಣಚರ್ಚೆಯೆಂದು ಯಾರಾದರೂ ಭಾವಿಸಿದರೆ ಪೆರುವಿನ ತೀರದಾಚೆ ಕಡಲಿಗೆ ಹಾಸಿದಂತಿರುವ ತಗ್ಗುಮೋಡಗಳನ್ನು ನೋಡಬೇಕು. ತಣ್ಣೀರಿನ ಮೇಲೆ ಮಾತ್ರ ಬಾಳುವ ಆ ಬಿಳಿಯ ಹೊದಿಕೆ ಬಿಸಿಲನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಪೂರ್ವವು ತಣ್ಣಗಿರುವವರೆಗೆ ಭೂಮಿಗೆ ಅದರ ನೆರಳಿದೆ. ಪೂರ್ವವು ಕಾದಂದು ಮೋಡ ಹರಿದು, ಕಾವು ಕಾವನ್ನು ಕರೆಯುತ್ತದೆ. ಅಂಗಾರಾಮ್ಲ ಇಮ್ಮಡಿಯಾದರೆ ಭೂಮಿ ಕೊನೆಗೆ ಎಷ್ಟು ಕಾದೀತೆಂಬುದಕ್ಕೆ ಅಂತರ ಸರ್ಕಾರಿ ಹವಾಗುಣ ಸಮಿತಿಯು 2021ರಲ್ಲಿ ಕೊಟ್ಟ ಉತ್ತರ ಸುಮಾರು 3 ಡಿಗ್ರಿ. ಕಳೆದ ದಶಕಗಳ ಅನುಭವವೊಂದರಿಂದಲೇ ಲೆಕ್ಕ ಹಾಕಿದರೆ ಇದಕ್ಕಿಂತ ಕಡಿಮೆ ಬರುವುದಕ್ಕೆ ಈ ನೆರಳು ಒಂದು ಮುಖ್ಯ ಕಾರಣ.

ನಮ್ಮ ಕಡಲಿನ ವಿಷಯ ಇನ್ನೂ ಸೂಕ್ಷ್ಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳರು ಸಹೋದ್ಯೋಗಿಗಳೊಡನೆ 1984ರಲ್ಲಿಯೇ ತೋರಿಸಿಕೊಟ್ಟಂತೆ, ಕಡಲಿನ ಉಷ್ಣತೆ ಸುಮಾರು 28 ಡಿಗ್ರಿಯನ್ನು ದಾಟುವವರೆಗೆ ದಟ್ಟ ಮೋಡಗಳು ಏಳುವುದು ಅಪರೂಪ. ದಾಟಿದ ಮೇಲೆ, ಇನ್ನೂ ಕಾದಷ್ಟೂ ಮೋಡ ಹೆಚ್ಚುತ್ತಲೇ ಹೋಗುವುದೆಂಬ ಭರವಸೆಯೂ ಇಲ್ಲ. ಹೊಸ್ತಿಲಿನ ಬಳಿ ಅರ್ಧ ಡಿಗ್ರಿ ತಪ್ಪಿದ ಮಾದರಿಯು ಮಳೆಯನ್ನೇ ತಪ್ಪಾದ ಕಡಲಿನಲ್ಲಿ ಸುರಿಸಿಬಿಡುತ್ತದೆ. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ತಲೆಯೆತ್ತಿದ್ದಾಗ ಮುಂಗಾರು ಸೋಲುವುದೆಂದು ಎಲ್ಲರೂ ಅಂಜಿದ್ದರೂ ಮಳೆ ಸರಾಸರಿಯ ಮಟ್ಟಕ್ಕೆ ಬಂದೇ ಬಂದಿತು. ಇದಕ್ಕೊಂದು ಕಾರಣ ಹತ್ತಿರದಲ್ಲಿಯೇ ಇದ್ದಿರಬಹುದು: ಹಿಂದೂ ಮಹಾಸಾಗರದ ಪೂರ್ವ-ಪಶ್ಚಿಮಗಳ ನಡುವೆಯೂ ಪೆಸಿಫಿಕ್ಕಿನದನ್ನು ಹೋಲುವ ತೊನೆದಾಟವೊಂದಿದೆಯೆಂಬುದು 1999ರ ಪ್ರಬಂಧಗಳಿಂದ ತಿಳಿದುಬಂತು. ಅವುಗಳಲ್ಲೊಂದರ ಕರ್ತೃಗಳಲ್ಲಿ ಇಬ್ಬರಾದ ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್ ಒಂದಲ್ಲ ಒಂದು ಕಾಲದಲ್ಲಿ ಇದೇ ಬೆಂಗಳೂರಿನ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದವರು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ಮಾದರಿಯೊಂದು ಈಗ ಅಂತರರಾಷ್ಟ್ರೀಯ ಮಾದರಿಗಳ ಸಾಲಿನಲ್ಲಿ ಭಾರತದ ಪರವಾಗಿ ನಿಂತಿದೆ.

ಎರಡು ಪಕ್ಷಗಳಲ್ಲಿ ಯಾವುದು ಗೆದ್ದಿತೆಂಬುದನ್ನು ಕಡಲೇ ಹೇಳಬೇಕು, ಮತ್ತು ಕಡಲನ್ನು ಕೇಳಲು ಅಳತೆಗಳು ಬೇಕು. 1982ರಲ್ಲಿ, ಮೆಕ್ಸಿಕೋದ ಎಲ್ ಚಿಚೊನ್ ಅಗ್ನಿಪರ್ವತದ ಧೂಳಿನಿಂದ ಉಪಗ್ರಹಗಳ ದೃಷ್ಟಿ ಮಬ್ಬಾಗಿದ್ದಾಗ, ಮಹತ್ತರವಾದ ಎಲ್ ನಿನೊವೊಂದು ಯಾರ ಗಮನಕ್ಕೂ ಬಾರದೆ ಬೆಳೆದುಬಿಟ್ಟಿತು. ಆ ಅವಮಾನದ ತರುವಾಯ, ಸಮಭಾಜಕದ ಉದ್ದಕ್ಕೂ ಪೆಸಿಫಿಕ್ಕಿನ ತಳಕ್ಕೆ ಬಿಗಿದು ತೇಲಬಿಟ್ಟ ಸುಮಾರು ಎಪ್ಪತ್ತು ಬೋಯಾಗಳ ಸಾಲು 1994ರಲ್ಲಿ ಪೂರ್ಣಗೊಂಡಿತು. ಪ್ರತಿಯೊಂದು ಬೋಯಾ ಮೇಲಿನ ಗಾಳಿಯನ್ನೂ, ಕೆಳಗೆ ಇಳಿಬಿಟ್ಟ ತಂತಿಯ ಗುಂಟ 500 ಮೀಟರಿನವರೆಗಿನ ನೀರಿನ ಉಷ್ಣತೆಯನ್ನೂ ಅಳೆದು ಉಪಗ್ರಹದ ಮೂಲಕ ಕಳುಹಿಸುತ್ತದೆ. ಥರ್ಮೋಕ್ಲೈನಿನ ಓರೆ ದಿನದಿನವೂ ಕಣ್ಣಿಗೆ ಬೀಳುವುದು ಇದರಿಂದಲೇ. ಮೀನುಗಾರರ ಬಲೆಗಳೂ ಉಪ್ಪುನೀರೂ ಇವುಗಳನ್ನು ಕೆಡಿಸುತ್ತಲೇ ಇರುವುದರಿಂದ ವರ್ಷವರ್ಷವೂ ಹಡಗು ಹೋಗಿ ರಿಪೇರಿ ಮಾಡಬೇಕು. ಆ ಕೆಲಸಕ್ಕೆಂದೇ ಇದ್ದ ಅಮೆರಿಕದ ಹಡಗನ್ನು 2012ರಲ್ಲಿ ಖರ್ಚಿನ ದೃಷ್ಟಿಯಿಂದ ನಿಲ್ಲಿಸಿದರು. 2014ರ ಆದಿಯಲ್ಲಿ, ಪಶ್ಚಿಮದಿಂದ ಬಿಸಿನೀರಿನ ಮಹಾತರಂಗವೊಂದು ಹೊರಟು ಎಲ್ಲರೂ ಪೂರ್ವದ ಕಡೆ ಕಣ್ಣಿಟ್ಟಿದ್ದ ಸಮಯದಲ್ಲಿ, ಅಮೆರಿಕದ ಪಾಲಿಗಿದ್ದ ಬೋಯಾಗಳಿಂದ ಬರಬೇಕಾಗಿದ್ದ ಅಂಕಿಗಳಲ್ಲಿ ಶೇಕಡ 40ರಷ್ಟು ಮಾತ್ರ ದಡ ಸೇರುತ್ತಿದ್ದುವು. ಅವನ್ನು ಆಮೇಲೆ ಸರಿಪಡಿಸಿದರು. ಕಳೆದುಹೋದ ತಿಂಗಳುಗಳ ಅಳತೆಯನ್ನು ಮಾತ್ರ ಯಾವ ಮಾದರಿಯೂ ತಂದುಕೊಡಲಾರದು.